ಮೀನು ಹಿಡಿಯದವರ ಮೀನಿನ ಪುಸ್ತಕಗಳು

ಮನುಷ್ಯನಿಗೆ ಹೊಟ್ಟೆಪಾಡಿನ ಉದ್ಯೋಗವೊಂದಿದ್ದರೆ ಸಾಲದು. ದಣಿದ ಮನಸ್ಸು ಬಂದು ತಂಗುವುದಕ್ಕೆ ಒಂದು ಹವ್ಯಾಸದ ನೆರಳೂ ಬೇಕೆಂದು ತಿಳಿದವರು ಹೇಳುವರು. ಕೆಲವರು ಅಂಚೆಯ ಚೀಟಿಗಳನ್ನು ಕೂಡಿಸುವರು. ಕೆಲವರು ಹಳೆಯ ನಾಣ್ಯಗಳನ್ನು ಹುಡುಕುವರು. ಇನ್ನು ಕೆಲವರು ಹಿತ್ತಲಿನಲ್ಲಿ ಗುಲಾಬಿಯನ್ನು ಬೆಳೆಸಿ ಸಂತೋಷಪಡುವರು. ಇವರನ್ನು ಯಾರೂ ಏನೂ ಅನ್ನುವುದಿಲ್ಲ. ಆದರೆ ಗಾಳ ಹಾಕಿ ಮೀನು ಹಿಡಿಯುವ ವಿದ್ಯೆಯನ್ನು ಕುರಿತ ಹಳೆಯ ಪುಸ್ತಕಗಳನ್ನು ನಾವು ಕೂಡಿಸುತ್ತೇವೆಂದು ಹೇಳಿದರೆ ಕೇಳಿದವರು ಮೊದಲು ನಮ್ಮ ಮುಖವನ್ನು ನೋಡಿ, ಅನಂತರ ನಗುವರು. ನಗುವುದಕ್ಕೆ ಕಾರಣವೂ ಉಂಟು. ನಾವು ಸಂಸ್ಕೃತವನ್ನು ಕಲಿಸಿ ನಿವೃತ್ತರಾದ ಮೇಷ್ಟ್ರು. ಹುಟ್ಟಿದಂದಿನಿಂದ ಗಾಳದ ಕೋಲನ್ನು ಕೈಯಲ್ಲಿ ಹಿಡಿದವರಲ್ಲ. ಮೀನನ್ನು ತಿಂದವರೂ ಅಲ್ಲ. ರಾಯಚೂರಿನ ನಮ್ಮ ಮನೆಯ ನಡುಮನೆಯಲ್ಲಿ ಅಮರಕೋಶ, ಕಾಳಿದಾಸರ ಪಕ್ಕದಲ್ಲಿಯೇ ಈ ಪುಸ್ತಕಗಳು ಎರಡು ಸಾಲಾಗಿ ನಿಂತಿರುವುವು. ನಮ್ಮ ಮನೆಯವರು ಅವುಗಳ ಧೂಳನ್ನು ಒರಸುವಾಗಲೆಲ್ಲ, “ತಿನ್ನೋದಿಲ್ಲ, ಹಿಡಿಯೋದಿಲ್ಲ, ಬರೇ ಓದ್ಲಿಕ್ಕೆ ಇಷ್ಟು ಮೀನು ಬೇಕೇನ್ರಿ?” ಎಂದು ಕೇಳುವುದುಂಟು. ಆ ಪ್ರಶ್ನೆಗೆ ಒಂದು ಸಾವಧಾನವಾದ ಉತ್ತರವನ್ನು ಬರೆದಿಡಬೇಕೆಂಬುದೇ ಈ ಲೇಖನದ ಉದ್ದೇಶವು.

ಈ ಹವ್ಯಾಸವು ಹುಟ್ಟಿದ್ದು ದೇವದುರ್ಗದಲ್ಲಿ, ಒಂದು ಪಾಠದ ನಡುವೆ. ಆಗ ನಾವು ಉದ್ಯೋಗಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದುವು. ಒಂದು ಮಧ್ಯಾಹ್ನ ಹುಡುಗರಿಗೆ ಶಾಕುಂತಲದ ಉಂಗುರದ ಕಥೆಯನ್ನು ಹೇಳುತ್ತಿದ್ದೆವು. ಶಕುಂತಲೆಯ ಕೈಯಿಂದ ಜಾರಿ ನೀರಿಗೆ ಬಿದ್ದ ಉಂಗುರವನ್ನು ಒಂದು ರೋಹಿತ ಮತ್ಸ್ಯವು ನುಂಗಿತು. ಬಡ ಧೀವರನೊಬ್ಬನು ಅದನ್ನು ಹಿಡಿದು ಕೊಯ್ದಾಗ ರಾಜನ ಹೆಸರಿನ ಆ ಉಂಗುರವು ಹೊರಬಿದ್ದಿತು ಎಂದು ವರ್ಣಿಸಿ, ಮುಂದಿನ ಶ್ಲೋಕಕ್ಕೆ ಹೋಗುವಷ್ಟರಲ್ಲಿ ಹಿಂದಿನ ಸಾಲಿನ ಒಬ್ಬ ಹುಡುಗನು ಎದ್ದು ನಿಂತನು. ಅವನು ಕೃಷ್ಣೆಯ ದಂಡೆಯ ಗೂಗಲ್ಲಿನ ಕಡೆಯವನು. ಅವನ ತಂದೆಗೆ ಹರಿಗೋಲು, ಬಲೆಗಳ ಕಸುಬು. “ಸಾರ್, ರೋಹಿತ ಮೀನು ಅಂದ್ರ ಯಾವುದ್ರಿ? ನಮ್ಮ ಹೊಳಿಯಾಗ ಐತೇನ್ರಿ ಅದು?” ಎಂದು ಕೇಳಿದನು.

ನಾವು “ಅದು ಒಂದು ಜಾತಿಯ ಮೀನು” ಎಂದು ಹೇಳಿದೆವು. ವ್ಯಾಖ್ಯಾನಕಾರರ ಪದ್ಧತಿಯೇ ಅದು. ಗಿಡದ ಹೆಸರು ಬಂದರೆ ‘ವೃಕ್ಷವಿಶೇಷ’, ಹಕ್ಕಿಯ ಹೆಸರು ಬಂದರೆ ‘ಪಕ್ಷಿವಿಶೇಷ’, ಮೀನಿನ ಹೆಸರು ಬಂದರೆ ‘ಮತ್ಸ್ಯವಿಶೇಷ’ ಎಂದು ಹೇಳಿ ಮುಂದೆ ಸಾಗುವುದು. ಹುಡುಗನು ಒಂದು ಕ್ಷಣ ಸುಮ್ಮನಿದ್ದು, “ಎಲ್ಲಾ ಮೀನೂ ಒಂದೊಂದು ಜಾತೀನೇ ಅಲ್ಲೇನ್ರಿ ಸಾರ್?” ಎಂದನು. ತರಗತಿಯೆಲ್ಲ ನಕ್ಕಿತು. ನಾವೂ ನಕ್ಕೆವು. ಆದರೆ ಮನೆಗೆ ಹೋಗುವ ದಾರಿಯಲ್ಲಿ ಆ ನಗು ಉಳಿಯಲಿಲ್ಲ. ಹುಡುಗನ ಮಾತು ಅಕ್ಷರಶಃ ನಿಜವಾಗಿತ್ತು. ಅಮರಸಿಂಹನು ವಾರಿವರ್ಗದಲ್ಲಿ ಮೀನಿಗೆ ಎಷ್ಟೊಂದು ಪರ್ಯಾಯನಾಮಗಳನ್ನು ಹೇಳಿದ್ದಾನೆ. ಗಾಳಕ್ಕೆ ‘ಬಡಿಶ’ವೆಂದೂ, ಬಲೆಗೆ ‘ಆನಾಯ’ವೆಂದೂ, ಹಿಡಿದ ಮೀನನ್ನು ಹಾಕುವ ಬುಟ್ಟಿಗೆ ‘ಕುವೇಣೀ’ ಎಂದೂ ಹೆಸರಿಟ್ಟಿದ್ದಾನೆ. ಅವೆಲ್ಲವೂ ನಮಗೆ ಕಂಠಪಾಠವಾಗಿದ್ದುವು. ಆದರೆ ಮೂರು ಬೇರೆ ಬೇರೆ ಮೀನುಗಳನ್ನು ಎದುರಿಗಿಟ್ಟು ಇವುಗಳ ಹೆಸರೇನೆಂದು ಯಾರಾದರೂ ಕೇಳಿದ್ದರೆ ನಾವು ಬಾಯಿ ಬಿಡುವಂತಿರಲಿಲ್ಲ. ನಾವು ವಾಸಿಸುವ ಈ ನಾಡಿಗೆ ಶಾಸನಗಳಲ್ಲಿ ‘ಎಡೆದೊರೆ’ಯೆಂದು ಹೆಸರು, ಕೃಷ್ಣಾ ತುಂಗಭದ್ರೆಗಳೆಂಬ ಎರಡು ತೊರೆಗಳ ನಡುವಿನ ನಾಡು. ಎರಡು ಹೊಳೆಗಳ ನಡುವೆ ಹುಟ್ಟಿ ಬೆಳೆದು, ಆ ಹೊಳೆಗಳಲ್ಲಿ ಏನು ಈಜುತ್ತಿದೆಯೆಂಬುದನ್ನು ಅರಿಯದವರಾಗಿದ್ದೆವು.

ಮೇಷ್ಟ್ರ ಸ್ವಭಾವವೇ ಹೀಗೆ: ತಿಳಿಯದ ವಿಷಯವು ಎದುರಾದಾಗ ಅವರು ಹೊಳೆಗೆ ಹೋಗುವುದಿಲ್ಲ, ಪುಸ್ತಕಕ್ಕೆ ಹೋಗುವರು. ನಾವೂ ಹಾಗೆಯೇ ಮಾಡಿದೆವು. ಈ ತಪ್ಪಿನ ಫಲವನ್ನು ಮುಂದೆ ಹೇಳುವೆವು.

ಮೊದಲು ನೆನಪಾದದ್ದು ನಮ್ಮವನೇ ಆದ ಒಬ್ಬ ಅರಸನ ಗ್ರಂಥವು. ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು, ಭೂಲೋಕಮಲ್ಲನೆಂಬ ಬಿರುದಿನವನು, ಸುಮಾರು ೧೧೨೯ರಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತಗ್ರಂಥವನ್ನು ರಚಿಸಿದನು. ಅದಕ್ಕೆ ‘ಅಭಿಲಷಿತಾರ್ಥಚಿಂತಾಮಣಿ’ಯೆಂದೂ ಹೆಸರುಂಟು. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು, ಒಟ್ಟು ನೂರು. ರಾಜ್ಯವನ್ನು ಪಡೆಯುವ ಬಗೆಯಿಂದ ಹಿಡಿದು ಅಡಿಗೆ, ಆನೆ, ಚಿತ್ರ, ಸಂಗೀತಗಳ ವರೆಗೆ ಅದರಲ್ಲಿ ಇಲ್ಲದ ವಿಷಯವೇ ಇಲ್ಲ. ಮೈಸೂರಿನ ಪ್ರಾಚ್ಯಕೋಶಾಗಾರದವರು ೧೯೨೬ರಲ್ಲಿ ಆರ್. ಶಾಮಶಾಸ್ತ್ರಿಗಳ ಸಂಪಾದಕತ್ವದಲ್ಲಿ ಪ್ರಕಟಿಸಿದ ಮೊದಲ ಭಾಗವು ನಮ್ಮಲ್ಲಿತ್ತು. ಆಸೆಯಿಂದ ತೆಗೆದು ನೋಡಿದರೆ ಅದರಲ್ಲಿ ಮೀನಿನ ಸುಳಿವಿಲ್ಲ! ಮೀನಿನ ಅಧ್ಯಾಯವು ನಾಲ್ಕನೆಯದಾದ ವಿನೋದವಿಂಶತಿಯಲ್ಲಿದೆಯೆಂದೂ, ಅದು ಬಡೋದೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯಲ್ಲಿ ಶ್ರೀಗೊಂದೇಕರರು ಸಂಪಾದಿಸಿ ೧೯೩೯ರಲ್ಲಿ ಹೊರತಂದ ಎರಡನೆಯ ಸಂಪುಟದಲ್ಲಿದೆಯೆಂದೂ ತಿಳಿಯುವುದಕ್ಕೆ ನಮಗೆ ಒಂದು ವರ್ಷವು ಹಿಡಿಯಿತು. ಆ ಸಂಪುಟವು ಕೈಗೆ ಸಿಕ್ಕುವುದಕ್ಕೆ ಇನ್ನೆರಡು ವರ್ಷಗಳು. ಪುಸ್ತಕಗಳನ್ನು ಹುಡುಕುವವರಿಗೆ ಈ ಕಾಯುವಿಕೆಯೇ ಅರ್ಧ ಸುಖವು. ಗಾಳ ಹಾಕಿ ಕುಳಿತವನ ಸುಖವೂ ಇಂಥದೇ ಇರಬೇಕೆಂದು ನಮಗೆ ಆಗಲೇ ತೋರಿತು.

‘ಮತ್ಸ್ಯವಿನೋದ’ವೆಂಬ ಆ ಅಧ್ಯಾಯವನ್ನು ಓದಿದ ರಾತ್ರಿಯನ್ನು ನಾವು ಮರೆತಿಲ್ಲ. ಸಾರ್ವಭೌಮನಾದ ಅರಸನು ಎಷ್ಟು ಸಾವಧಾನದಿಂದ ನೀರನ್ನು ನೋಡಿದ್ದಾನೆ! ಸಮುದ್ರದ ಮೀನು, ನದಿಯ ಮೀನು ಎಂದು ವಿಂಗಡಿಸುವನು. ಮೈಮೇಲೆ ಹುರುಪೆಯುಳ್ಳವು, ಬರಿಯ ಚರ್ಮವುಳ್ಳವು ಎಂದು ಬೇರ್ಪಡಿಸುವನು. ಹೀಗೆ ಸುಮಾರು ಮೂವತ್ತೈದು ಬಗೆಗಳು. ಅವುಗಳಲ್ಲಿ ನಮ್ಮ ರೋಹಿತವೂ ಉಂಟು, ಪಾಠೀನವೂ ಉಂಟು. ಯಾವ ಮೀನಿಗೆ ಯಾವ ಆಹಾರವು ರುಚಿಯೆಂದು ತಿಳಿಸಿ, ನೀರಿನಲ್ಲಿ ಅವುಗಳಿಗೆ ಉಣಿಸನ್ನು ಹಾಕಿ ಪಳಗಿಸುವ ಕ್ರಮವನ್ನು ಹೇಳಿ, ಆಮೇಲೆ ಕೋಲು, ಹುರಿ, ಗಾಳಗಳ ವಿಷಯಕ್ಕೆ ಬರುವನು. ಹಿಡಿಯುವುದಕ್ಕೆ ಮೊದಲು ತಿಳಿಯಬೇಕು, ತಿಳಿಯುವುದಕ್ಕೆ ಮೊದಲು ನೋಡಬೇಕು ಎಂಬ ಅನುಕ್ರಮವನ್ನು ನಾವು ಈ ಅಧ್ಯಾಯದಿಂದ ಕಲಿತೆವು. ಮುಂದೆ ತಿಳಿದುಬಂದ ಸಂಗತಿಯೆಂದರೆ, ಭಾರತದ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಸುಂದರಲಾಲ ಹೋರಾ ಎಂಬ ಮತ್ಸ್ಯಶಾಸ್ತ್ರಜ್ಞರು ೧೯೫೧ರಲ್ಲಿ ಇದೇ ಅಧ್ಯಾಯವನ್ನು ಕುರಿತು ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದು, ಅದರ ಮೀನುಗಳನ್ನು ಇಂದಿನ ಶಾಸ್ತ್ರದ ಹೆಸರುಗಳೊಡನೆ ಹೋಲಿಸಿ ನೋಡಿದರು. ವೈಯಾಕರಣನಿಗೆ ‘ಮತ್ಸ್ಯವಿಶೇಷ’ವಾದದ್ದು ವಿಜ್ಞಾನಿಗೆ ಒಂದು ನಿರ್ದಿಷ್ಟ ಜೀವಿಯಾಯಿತು.

ಇಲ್ಲಿಗೆ ನಿಂತಿದ್ದರೆ ಒಂದು ಪುಸ್ತಕದ ಓದು ಎನ್ನಿಸಿಕೊಳ್ಳುತ್ತಿತ್ತು, ಹವ್ಯಾಸವಾಗುತ್ತಿರಲಿಲ್ಲ. ಹವ್ಯಾಸವಾದದ್ದು ಹೈದರಾಬಾದಿನಲ್ಲಿ. ಆ ನಗರದ ಆಬಿಡ್ಸ್ ಎಂಬ ಭಾಗದಲ್ಲಿ ಭಾನುವಾರಗಳಂದು ಅಂಗಡಿಗಳು ಮುಚ್ಚಿರುವಾಗ ಕಾಲುದಾರಿಯ ಮೇಲೆ ಹಳೆಯ ಪುಸ್ತಕಗಳನ್ನು ಹರವಿ ಮಾರುವರು. ಬಂಧುಗಳ ಮನೆಯ ಮದುವೆಗೆಂದು ಹೋಗಿದ್ದ ನಾವು ಅಲ್ಲಿ ಬಗ್ಗಿ ನೋಡುತ್ತಿರುವಾಗ, ರಟ್ಟು ಕಳಚಿದ, ಬೆನ್ನಿಗೆ ಬಟ್ಟೆಯನ್ನು ಅಂಟಿಸಿದ ಒಂದು ದಪ್ಪ ಇಂಗ್ಲಿಷ್ ಪುಸ್ತಕವು ಕಂಡಿತು. ಅದು ಹೆನ್ರಿ ಸಲಿವನ್ ಥಾಮಸ್ ಎಂಬವರು ಬರೆದ ‘ದಿ ರಾಡ್ ಇನ್ ಇಂಡಿಯಾ’, ಎಂದರೆ ಹಿಂದೂಸ್ಥಾನದಲ್ಲಿ ಗಾಳದ ಕೋಲು. ೧೮೯೭ರ ಮೂರನೆಯ ಮುದ್ರಣ. ಕೊಂಡು ತಂದು ಓದುತ್ತ ಹೋದಂತೆ ನಮ್ಮ ಆಶ್ಚರ್ಯವು ಹೆಚ್ಚಿತು. ಈ ಮಹನೀಯರು ಮದರಾಸಿನ ಸರಕಾರದ ಅಧಿಕಾರಿಗಳಾಗಿ ದಕ್ಷಿಣ ಕನ್ನಡದಲ್ಲಿ ಇದ್ದವರು. ಆ ಜಿಲ್ಲೆಯಲ್ಲಿ ಮೀನಿನ ಸಾಕಣೆಯನ್ನು ಕುರಿತ ಅವರ ವರದಿಯು ೧೮೭೦ರಲ್ಲಿಯೇ ಅಚ್ಚಾಯಿತು. ಇನ್ನೂ ದೊಡ್ಡ ಆಶ್ಚರ್ಯವೆಂದರೆ, ಇಡೀ ಹಿಂದೂಸ್ಥಾನದಲ್ಲಿ ಗಾಳ ಹಾಕುವವರಿಗೆ ಕೈಪಿಡಿಯಾದ ಈ ಗ್ರಂಥವು ೧೮೭೩ರಲ್ಲಿ ಮೊದಲು ಹೊರಬಂದದ್ದು ಲಂಡನ್ನಿನಲ್ಲಲ್ಲ, ಮಂಗಳೂರಿನಲ್ಲಿ! ಮೊದಲ ಕನ್ನಡ ಪತ್ರಿಕೆಯು ೧೮೪೩ರಲ್ಲಿ ಹೊರಟ ಊರು, ಕಿಟ್ಟೆಲರ ನಿಘಂಟು ೧೮೯೪ರಲ್ಲಿ ಪ್ರಕಟವಾದ ಊರು ಅದು. ಕನ್ನಡಿಗರ ಪುಸ್ತಕಚರಿತ್ರೆಯಲ್ಲಿ ಮೀನಿಗೂ ಒಂದು ಮೂಲೆಯುಂಟೆಂದು ತಿಳಿದಾಗ ಆದ ಹಿಗ್ಗನ್ನು ಹೇಳತೀರದು.

ಥಾಮಸರು ೧೮೮೭ರಲ್ಲಿ ಕೆರೆಗಳಲ್ಲಿ ಗಾಳ ಹಾಕುವುದನ್ನು ಕುರಿತು ಇನ್ನೊಂದು ಪುಸ್ತಕವನ್ನು ಬರೆದರು. ಅದು ನಮಗೆ ಮೊದಲನೆಯದಕ್ಕಿಂತಲೂ ಹತ್ತಿರವಾದದ್ದು. ಏಕೆಂದರೆ ಇಂಗ್ಲೆಂಡಿನಲ್ಲಿ ಮೀನುಗಳಿಗೂ ಒಂದು ಜಾತಿಭೇದವುಂಟು. ತಣ್ಣನೆಯ ಹೊಳೆಗಳ ಸಾಲ್ಮನ್, ಟ್ರೌಟ್‌ಗಳು ಸಿರಿವಂತರ ಮೀನುಗಳು. ಕೆರೆ, ಕಾಲುವೆ, ನಿಧಾನದ ಹೊಳೆಗಳಲ್ಲಿರುವ ಉಳಿದವುಗಳಿಗೆಲ್ಲ ‘ಒರಟು ಮೀನು’ ಎಂದು ಹೆಸರು. ಆ ಒರಟು ಮೀನುಗಳಲ್ಲಿ ಬಹುಪಾಲು ನಮ್ಮ ರೋಹಿತ ಮುಂತಾದವುಗಳ ವಂಶದವೇ. ನಮ್ಮ ಹೊಳೆ ಕೆರೆಗಳ ಸಂಸಾರವೆಲ್ಲ ಅವರ ಲೆಕ್ಕದಲ್ಲಿ ಒರಟು. ಆದರೆ ಈ ಸಾಮಾನ್ಯ ಮೀನುಗಳನ್ನು ಕುರಿತು ಬರೆದ ಹಳೆಯ ಪುಸ್ತಕಗಳಲ್ಲಿಯೇ ಮನುಷ್ಯರ ವಾಸನೆ ಹೆಚ್ಚು. ಹಿಟ್ಟಿನ ಉಂಡೆಯನ್ನು ಕಲಸುವುದು, ಎರೆಹುಳುವನ್ನು ಕಾಪಾಡುವುದು, ಬಿದಿರನ್ನು ಆರಿಸುವುದು, ಮಳೆ ಬಂದರೆ ಮರದಡಿಯಲ್ಲಿ ನಿಂತು ಮಾತನಾಡುವುದು ಇಂಥವೇ ಅವುಗಳ ವಸ್ತು. ಅಡಿಗೆಮನೆಗೂ ಅವಕ್ಕೂ ದೂರವಿಲ್ಲ.

ಈ ಬಗೆಯ ಪುಸ್ತಕಗಳಿಗೆಲ್ಲ ಹಿರಿಯಜ್ಜನೆಂದರೆ ಐಸಾಕ್ ವಾಲ್ಟನ್ ಎಂಬ ಲಂಡನ್ನಿನ ವರ್ತಕನು ೧೬೫೩ರಲ್ಲಿ ಪ್ರಕಟಿಸಿದ ‘ದಿ ಕಂಪ್ಲೀಟ್ ಆಂಗ್ಲರ್.’ ಆ ದೇಶದಲ್ಲಿ ಅಂತಃಕಲಹವು ನಡೆದು, ಅರಸನ ಶಿರಚ್ಛೇದವಾಗಿ ನಾಲ್ಕು ವರ್ಷಗಳಾಗಿದ್ದ ಕಾಲವದು. ಅಂಥ ಕಾಲದಲ್ಲಿ ಒಬ್ಬ ಸಜ್ಜನನು ಹೊಳೆಯ ದಂಡೆಯ ಶಾಂತಿಯನ್ನು ಕುರಿತು ಬರೆದನು. ಬದುಕಿರುವವರೆಗೂ ಅದನ್ನು ತಿದ್ದಿ ತಿದ್ದಿ ಐದು ಸಲ ಅಚ್ಚುಹಾಕಿಸಿದನು. ಅವನ ಪುಸ್ತಕದ ಮೊದಲಲ್ಲಿ ಡೇಗೆಯಿಂದ ಬೇಟೆಯಾಡುವವನೂ, ಕಾಡಿನ ಬೇಟೆಗಾರನೂ, ಮೀನು ಹಿಡಿಯುವವನೂ ದಾರಿಯಲ್ಲಿ ಕೂಡಿ ತಮ್ಮ ತಮ್ಮ ವಿನೋದವೇ ಮೇಲೆಂದು ವಾದಿಸುವರು. ಇದನ್ನು ಓದುವಾಗ ನಮಗೆ ಥಟ್ಟನೆ ಸೋಮೇಶ್ವರನು ನೆನಪಾದನು. ಅವನ ವಿನೋದವಿಂಶತಿಯಲ್ಲಿಯೂ ಶ್ಯೇನವಿನೋದ, ಮತ್ಸ್ಯವಿನೋದ, ಮೃಗಯಾವಿನೋದ ಎಂದು ಇವೇ ಮೂರು ಒಂದರ ಪಕ್ಕದಲ್ಲೊಂದು ಕುಳಿತಿವೆ! ಕಲ್ಯಾಣದ ಅರಸನನ್ನು ಲಂಡನ್ನಿನ ವರ್ತಕನು ಕೇಳಿ ಅರಿತವನಲ್ಲ. ಇಬ್ಬರ ನಡುವೆ ಐನೂರು ವರ್ಷಗಳಿಗೂ ಮಿಕ್ಕ ಅಂತರ. ಆದರೂ ಮನುಷ್ಯನ ಮನಸ್ಸು ಎಲ್ಲಿ ಹೋದರೂ ತನ್ನ ಸುಖಗಳನ್ನು ಒಂದೇ ರೀತಿಯಲ್ಲಿ ಜೋಡಿಸಿಕೊಳ್ಳುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಎರಡು ಪುಸ್ತಕಗಳನ್ನು ಒಂದೇ ಹಲಗೆಯ ಮೇಲೆ ಇಟ್ಟುಕೊಂಡವರಿಗೆ ಮಾತ್ರ ದೊರೆಯುವ ಆನಂದವಿದು.

ವಿನೋದದ ಪುಸ್ತಕಗಳಿಂದ ಶಾಸ್ತ್ರದ ಪುಸ್ತಕಗಳಿಗೆ ಒಂದೇ ಹೆಜ್ಜೆ. ೧೮೦೦-೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆಗಳನ್ನು ಸುತ್ತಿ ಬರೆದ ಬುಕಾನನ್ ಎಂಬ ವೈದ್ಯರ ಹೆಸರನ್ನು ಚರಿತ್ರೆಯ ಆಸಕ್ತರು ಬಲ್ಲರು. ಅವರೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಿಂದ ೧೮೨೨ರಲ್ಲಿ ಗಂಗೆಯ ಮೀನುಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ಅವರು ಒಂದು ಮೀನಿಗೆ ನಮ್ಮ ದೇಶದ ಹೆಸರನ್ನೇ ಉಳಿಸಿ ‘ರೋಹಿತ’ವೆಂದು ಶಾಸ್ತ್ರನಾಮವನ್ನು ಕೊಟ್ಟರು, ಲೋಕದ ವಿಜ್ಞಾನಿಗಳೆಲ್ಲ ಇಂದಿಗೂ ಅದನ್ನು ಅದೇ ಹೆಸರಿನಿಂದ ಕರೆಯುವರು. ಅಂಗಡಿಗಳಲ್ಲಿ ‘ರೋಹು’ ಎಂದು ಮಾರುವ, ಸರಕಾರದವರು ಕೆರೆಗಳಲ್ಲಿ ಮರಿ ಬಿಡಿಸುವ ಮೀನೇ ಅದು. ದೇವದುರ್ಗದ ಆ ಹುಡುಗನ ಮೊದಲ ಪ್ರಶ್ನೆಗೆ ಉತ್ತರವು ಹೀಗೆ ಸಿಕ್ಕಿತು. ಆದರೆ ಆ ವೇಳೆಗೆ ಹುಡುಗನು ಶಾಲೆಯನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದುವು.

ದಖ್ಖನಿನ ಮೀನುಗಳನ್ನು ಕುರಿತು ಸೈಕ್ಸ್ ಎಂಬ ಸೇನಾಧಿಕಾರಿಯು ೧೮೩೯ರಲ್ಲಿ ಬರೆದ ಪ್ರಬಂಧವು ನಮಗೆ ಇನ್ನೂ ಹತ್ತಿರದ್ದು. ಪುಣೆಯ ಮುಳಾಮುಠಾ ಹೊಳೆಯ ಒಂದು ದೊಡ್ಡ ಮೀನಿಗೆ ಅವರು ಅಲ್ಲಿಯ ಜನರ ಬಾಯಿಯಿಂದ ಕೇಳಿದ ‘ಖುದ್ರೀ’ ಎಂಬ ಹೆಸರನ್ನೇ ಇಟ್ಟರು. ಮಹಶೀರ್ ಎಂದು ಪ್ರಸಿದ್ಧವಾದ ಮೀನುಗಳ ಬಳಗಕ್ಕೆ ಸೇರಿದ್ದು ಅದು. ಆ ಹೊಳೆಯು ಭೀಮೆಯನ್ನು ಕೂಡುವುದು. ಭೀಮೆಯು ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಕೂಡುವುದು. ಅವರು ಕಂಡ ನೀರು ನಮ್ಮ ಬಾಗಿಲಿನ ಮುಂದೆಯೇ ಹರಿದುಹೋಗಿದೆ. ಇವರೆಲ್ಲರ ಕೆಲಸವನ್ನು ಒಟ್ಟುಗೂಡಿಸಿದಂತೆ ಫ್ರಾನ್ಸಿಸ್ ಡೇ ಎಂಬವರು ೧೮೭೫ರಿಂದ ೧೮೭೮ರ ವರೆಗೆ ‘ದಿ ಫಿಷಸ್ ಆಫ್ ಇಂಡಿಯಾ’ ಎಂಬ ಮಹಾಗ್ರಂಥವನ್ನು ಹೊರತಂದರು. ಅದರ ಸುಮಾರು ಇನ್ನೂರು ಚಿತ್ರಫಲಕಗಳನ್ನು ನೋಡಿದವರು ಮತ್ತೆ ‘ಮತ್ಸ್ಯವಿಶೇಷ’ವೆಂದು ಹೇಳಲಾರರು. ಮೂಲಪ್ರತಿಯನ್ನು ಕೊಳ್ಳುವ ಶಕ್ತಿಯು ಮೇಷ್ಟ್ರಿಗೆಲ್ಲಿಯದು? ನಮ್ಮಲ್ಲಿರುವುದು ಈಚಿನ ಪ್ರತಿಕೃತಿಯ ಮುದ್ರಣ. ಆದರೂ ಅದನ್ನು ಕೊಂಡ ತಿಂಗಳು ಮನೆಯಲ್ಲಿ ತುಪ್ಪವನ್ನು ಕಡಮೆ ಮಾಡಬೇಕಾಯಿತೆಂಬುದನ್ನು ಇಲ್ಲಿ ಒಪ್ಪಿಕೊಳ್ಳುವುದೇ ಮರ್ಯಾದೆ.

ಇಷ್ಟರಲ್ಲಿ ನಮಗೆ ಮಾನ್ವಿಗೆ ವರ್ಗವಾಗಿತ್ತು. ಹಲಗೆಯು ತುಂಬುತ್ತಿತ್ತು. ಆದರೆ ಒಂದು ಸಂಜೆ ಡೇಯವರ ಪುಟಗಳನ್ನು ತಿರುವುತ್ತಿರುವಾಗ ಒಂದು ಯೋಚನೆಯು ಬಂದು ಕೈ ನಿಂತಿತು. ದೇವದುರ್ಗದಲ್ಲಿ ನಾವು ಅಷ್ಟು ವರ್ಷಗಳಿದ್ದೆವು. ಆ ಹುಡುಗನ ತಂದೆಯು ವಾರಕ್ಕೊಮ್ಮೆ ಸಂತೆಗೆ ಬರುತ್ತಿದ್ದನು; ನಮ್ಮನ್ನು ಕಂಡರೆ ಕೈಮುಗಿಯುತ್ತಿದ್ದನು. ಲಂಡನ್ನಿನಲ್ಲಿ ಅಚ್ಚಾದ ಪುಸ್ತಕದಲ್ಲಿ ಕೃಷ್ಣೆಯ ಮೀನನ್ನು ಹುಡುಕುತ್ತಿದ್ದ ನಾವು, ಕೃಷ್ಣೆಯಲ್ಲಿಯೇ ಬಾಳನ್ನು ಕಳೆದ ಆ ಮನುಷ್ಯನನ್ನು ಒಂದು ದಿನವಾದರೂ ನಿಲ್ಲಿಸಿ ಕೇಳಲಿಲ್ಲ. ವಿಚಾರಿಸಿದಾಗ ಅವನು ತೀರಿಹೋದನೆಂದು ತಿಳಿಯಿತು. ಪುಸ್ತಕದ ತಪ್ಪಲ್ಲ ಅದು, ಓದುಗನ ತಪ್ಪು. ಸೈಕ್ಸರೂ ಹ್ಯಾಮಿಲ್ಟನ್ನರೂ ದಂಡೆಯ ಜನರನ್ನು ಕೇಳಿಯೇ ಹೆಸರುಗಳನ್ನು ಬರೆದುಕೊಂಡಿದ್ದರು. ಅವರ ಪುಸ್ತಕಗಳನ್ನು ಪೂಜಿಸುತ್ತಿದ್ದ ನಾವು ಅವರ ಪದ್ಧತಿಯನ್ನು ಮಾತ್ರ ಕಲಿತಿರಲಿಲ್ಲ.

ಮಾನ್ವಿಯಲ್ಲಿ ಆ ತಪ್ಪನ್ನು ತಿದ್ದಿಕೊಳ್ಳಬೇಕೆಂದು ನಿಶ್ಚಯಿಸಿ, ೨೦೦೯ರ ಮಳೆಗಾಲದಲ್ಲಿ ತುಂಗಭದ್ರೆಯ ದಂಡೆಯ ಒಂದು ಗ್ರಾಮದಿಂದ ಬರುತ್ತಿದ್ದ ವಿದ್ಯಾರ್ಥಿಗೆ ಒಂದು ನೋಟುಬುಕ್ಕನ್ನು ಕೊಟ್ಟೆವು. ಅವನ ಅಜ್ಜನು ಹರಿಗೋಲು ಹಾಕಿ ಹಣ್ಣಾದವನು. ಅಜ್ಜನು ಹೇಳುವ ಮೀನಿನ ಹೆಸರುಗಳನ್ನೆಲ್ಲ ಬರೆದು, ಒಂದೊಂದು ಎಲ್ಲಿರುವುದು, ಏನು ತಿನ್ನುವುದು, ಯಾವ ತಿಂಗಳಿನಲ್ಲಿ ಕಾಣುವುದು ಎಂಬುದನ್ನು ಪಕ್ಕದಲ್ಲಿ ಗುರುತುಮಾಡೆಂದು ಹೇಳಿದೆವು. ಎರಡು ತಿಂಗಳಲ್ಲಿ ಇಪ್ಪತ್ತೇಳು ಹೆಸರುಗಳಾದುವು. ದಸರೆಯ ಬಳಿಕ ತಂದು ಒಪ್ಪಿಸುವುದಾಗಿ ಹುಡುಗನು ಹೇಳಿದ್ದನು. ಸೆಪ್ಟೆಂಬರಿನ ಕೊನೆಗೆ ಆ ಮಹಾಮಳೆಯು ಬಂದಿತು. ೨೦೦೯ರ ನೆರೆಯನ್ನು ಕಂಡ ರಾಯಚೂರು ಜಿಲ್ಲೆಯವರಿಗೆ ಅದನ್ನು ವರ್ಣಿಸಬೇಕಾದದ್ದಿಲ್ಲ. ಕಾಣದವರಿಗೆ ವರ್ಣಿಸುವುದು ಸಾಧ್ಯವಿಲ್ಲ. ಹೊಳೆಯು ದಂಡೆಯನ್ನು ಬಿಟ್ಟು ಹೊಲಗಳ ಮೇಲೆ ನಡೆಯಿತು. ಆ ಹುಡುಗನ ಮನೆಯ ಮಣ್ಣಿನ ಗೋಡೆಗಳು ಕರಗಿದುವು. ಜನರು ಉಳಿದರು, ಕಾಳು, ಪಾತ್ರೆ, ಬಲೆ, ಹರಿಗೋಲು ಯಾವುದೂ ಉಳಿಯಲಿಲ್ಲ. ನೋಟುಬುಕ್ಕೂ ಹೋಯಿತು.

ರಸ್ತೆಯು ತೆರೆದ ಮೇಲೆ ನಾವು ಅಕ್ಕಿ, ಹಳೆಯ ಬಟ್ಟೆಗಳನ್ನು ಕಟ್ಟಿಕೊಂಡು ಹೋದೆವು. ಅವರು ಎತ್ತರದ ಜಾಗದಲ್ಲಿ ತಗಡಿನ ಕೆಳಗೆ ಇದ್ದರು. ಹುಡುಗನು ನಮ್ಮನ್ನು ಕಂಡೊಡನೆ ಅಪರಾಧಿಯಂತೆ ತಲೆ ತಗ್ಗಿಸಿ ನೋಟುಬುಕ್ಕಿನ ಮಾತನ್ನೇ ಮೊದಲು ಆಡಿದನು. ಮನೆಯನ್ನು ಕಳೆದುಕೊಂಡ ಮಗುವು ನಮ್ಮ ಎರಡಾಣೆಯ ಕಾಗದಕ್ಕಾಗಿ ಅಳುತ್ತಿರುವುದನ್ನು ಕಂಡು ನಮಗೆ ನಾಚಿಕೆಯಾಯಿತು. “ಬಿಡಪ್ಪಾ, ಅದು ಹೋದರೆ ಹೋಯಿತು” ಎಂದೆವು. ಮೂಲೆಯಲ್ಲಿ ಕುಳಿತಿದ್ದ ಅಜ್ಜನು ಆಗ ಹೇಳಿದ ಮಾತು ಇದು: “ಹೊಳಿ ಒಯ್ದಿದ್ದು ಹಾಳಿ ಅಷ್ಟರೀ ಮಾಸ್ತರ. ಹೆಸರು ನನ್ನ ಹೊಟ್ಟ್ಯಾಗ ಅದಾವು. ಇನ್ನೊಮ್ಮೆ ಬರ್ಕೊಳ್ರಿ.”

ನಾವು ಕೂಡಲೇ ಬರೆದುಕೊಳ್ಳಲಿಲ್ಲ. ಅದು ಅಂಥ ಹೊತ್ತಾಗಿರಲಿಲ್ಲ. ಮರುವರ್ಷ ಬೇಸಗೆಯಲ್ಲಿ, ಅವರಿಗೆ ಒಂದು ಮನೆಯಾದ ಮೇಲೆ, ಡೇಯವರ ಚಿತ್ರಗಳ ಸಂಪುಟವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಾಲ್ಕು ಭಾನುವಾರ ಅವರ ಜಗಲಿಯ ಮೇಲೆ ಕುಳಿತೆವು. ಓದುಬರಹ ಬಾರದ ಆ ವೃದ್ಧನು ಪುಟಗಳನ್ನು ತಿರುವಿದ ರೀತಿಯನ್ನು ನೋಡಬೇಕಾಗಿತ್ತು. ಒಂದು ಚಿತ್ರದ ಮೇಲೆ ಬೆರಳಿಟ್ಟು, “ಇದು ಬಾಳಿ ಮೀನು ಮಾಸ್ತರ, ಬಾಯಿ ಎಷ್ಟು ಅಗಲ ಐತಿ ನೋಡ್ರಿ, ಸಣ್ಣ ಮೀನು ಬಿಡಂಗಿಲ್ಲ ಇದು” ಎಂದನು. ನಾವು ಕೆಳಗಿನ ಹೆಸರನ್ನು ಓದಿದೆವು. ಪಂಡಿತರು ಪಾಠೀನವೆಂದು ಗುರುತಿಸಿರುವ ಮೀನೇ ಅದು! ಧರ್ಮಶಾಸ್ತ್ರಗಳಲ್ಲಿ, ನಿಘಂಟುಗಳಲ್ಲಿ, ಸೋಮೇಶ್ವರನ ಗ್ರಂಥದಲ್ಲಿ ನಾವು ಬರಿಯ ಶಬ್ದವಾಗಿ ಕಂಡದ್ದು ಆ ಕ್ಷಣದಲ್ಲಿ ಬಾಯಿ ತೆರೆದು ಈಜಿತು. ಮತ್ತೊಂದು ಚಿತ್ರವನ್ನು ನೋಡಿ ಅಜ್ಜನು ನಕ್ಕು, “ಇದನ್ನ ಬರದವರು ಸತ್ತ ಮೀನ ನೋಡಿ ಬರದಾರ್ರಿ. ಬದುಕಿದ್ದಾಗ ರೆಕ್ಕಿ ಹಿಂಗ ಇಡಂಗಿಲ್ಲ ಅದು” ಎಂದನು. ಮಹಾಗ್ರಂಥಕ್ಕೆ ಆ ಜಗಲಿಯ ಮೇಲೆ ಒಂದು ತಿದ್ದುಪಡಿಯು ದೊರೆಯಿತು. ಈ ಸಲ ಹೆಸರುಗಳು ಮೂವತ್ತೊಂದಾದುವು. ಚಿತ್ರಗಳನ್ನು ಕಂಡು ನಾಲ್ಕು ಹೆಚ್ಚು ನೆನಪಾಗಿದ್ದುವು.

ಅವುಗಳಲ್ಲಿ ಇಪ್ಪತ್ತಕ್ಕೆ ಚಿತ್ರಗಳು ಹೊಂದಿದುವು. ಉಳಿದ ಹನ್ನೊಂದಕ್ಕೆ ಹೊಂದಲಿಲ್ಲ. ಕೆಲವು ಒಂದೇ ಮೀನಿನ ಮರಿಗೂ ದೊಡ್ಡದಕ್ಕೂ ಇರುವ ಬೇರೆ ಬೇರೆ ಹೆಸರುಗಳಿರಬಹುದು. ಕೆಲವನ್ನು ಕುರಿತು ಅಜ್ಜನು, “ಇವು ಡ್ಯಾಮಿನ ಮುಂಚಿನವು ರೀ. ನಾನು ಸಣ್ಣಾಂವ ಇದ್ದಾಗ ನಮ್ಮಪ್ಪ ತೋರಿಸಿದ್ದ” ಎಂದು ಹೇಳಿದನು. ತುಂಗಭದ್ರೆಯ ಅಣೆಕಟ್ಟು ಮುಗಿದದ್ದು ೧೯೫೩ರಲ್ಲಿ. ಕೃಷ್ಣೆಗೆ ನಾರಾಯಣಪುರದ ಅಣೆಕಟ್ಟು ಬಂದದ್ದು ೧೯೮೨ರಲ್ಲಿ. ಅವುಗಳ ನೀರಿನಿಂದ ನಮ್ಮ ಮಾನ್ವಿ, ದೇವದುರ್ಗಗಳ ಹೊಲಗಳು ಹಸುರಾದುವು; ಅನ್ನವನ್ನು ತಿನ್ನುವ ಬಾಯಿಂದ ಅವನ್ನು ನಿಂದಿಸಲಾಗದು. ಆದರೆ ಮಹಶೀರಿನಂಥ ಮೀನುಗಳು ಮರಿಮಾಡುವ ಕಾಲಕ್ಕೆ ಹೊಳೆಯನ್ನು ಏರಿ ಹೋಗಬೇಕು. ಅವಕ್ಕೆ ಅಣೆಕಟ್ಟು ಎಂದರೆ ಮುಚ್ಚಿದ ಬಾಗಿಲು. ಹೊರಗಿನಿಂದ ತಂದ ಮೀನುಗಳೂ ಬಂದುವು; ಆಫ್ರಿಕದ ತಿಲಾಪಿಯವು ಹಿಂದೂಸ್ಥಾನಕ್ಕೆ ಬಂದದ್ದು ೧೯೫೨ರಲ್ಲಿ. ಆದ್ದರಿಂದ ೧೮೭೩ರ ಪುಸ್ತಕವನ್ನು ಓದಿ ಇಂದಿನ ಹೊಳೆಯೂ ಹೀಗೆಯೇ ಇದೆಯೆಂದು ತಿಳಿಯಬಾರದು. ಹಳೆಯ ಪುಸ್ತಕದ ಬೆಲೆಯು ಇರುವುದೇ ಇಲ್ಲಿ: ಹೊಳೆಯು ಹೇಗಿತ್ತೆಂಬುದಕ್ಕೆ ಅದು ಸಾಕ್ಷಿ. ಸಿಡಿಮದ್ದನ್ನೂ ವಿಷವನ್ನೂ ಹಾಕಿ ಮೀನು ಹಿಡಿಯುವುದನ್ನು ತಡೆಯುವ ಕಾಯಿದೆಯು ನಮ್ಮ ದೇಶದಲ್ಲಿ ೧೮೯೭ರಲ್ಲಿಯೇ ಆಯಿತು. ಹೊಳೆಯು ಬರಿದಾಗಬಹುದೆಂಬ ಎಚ್ಚರವು ಅಂದಿನವರಿಗೂ ಇತ್ತು. ಗಾಳ ಹಾಕಿ ಸಾವಧಾನವಾಗಿ ಕುಳಿತವನಿಗೆ ನೀರಿನಲ್ಲಿ ಏನು ಕಡಮೆಯಾಯಿತೆಂಬುದು ಎಲ್ಲರಿಗಿಂತ ಮೊದಲು ತಿಳಿಯುವುದು.

ಈ ದಾರಿಯಲ್ಲಿ ಬರಬೇಕೆನ್ನುವ ವಾಚಕರಿಗೆ ಎರಡು ಮಾತುಗಳನ್ನು ಹೇಳುವೆವು. ಹಣವಿದ್ದವರು ಮೊದಲ ಮುದ್ರಣಗಳನ್ನು ಹುಡುಕಲಿ. ಇಲ್ಲದವರು ಪ್ರತಿಕೃತಿಗಳಿಂದ ತೃಪ್ತರಾಗಲಿ. ಓದಿನ ಸುಖವು ಎರಡರಲ್ಲಿಯೂ ಒಂದೇ. ಹಳೆಯದನ್ನು ಕೊಳ್ಳುವಾಗ ಚಿತ್ರಗಳೆಲ್ಲ ಇವೆಯೇ ಎಂದು ಎಣಿಸಿ ನೋಡಬೇಕು. ಚಿತ್ರಗಳನ್ನು ಕತ್ತರಿಸಿಕೊಂಡು ಉಳಿದದ್ದನ್ನು ಮಾರುವವರುಂಟು. ಅಂಚಿನಲ್ಲಿ ಹಿಂದಿನವರು ಬರೆದ ಟಿಪ್ಪಣಿಗಳಿದ್ದರೆ ಅಳಿಸಬಾರದು. ನಮ್ಮ ಥಾಮಸರ ಪ್ರತಿಯಲ್ಲಿ ಯಾರೋ ಒಬ್ಬರು ಹಿಡಿದ ಮೀನುಗಳ ತೂಕವನ್ನು ಸೀಸದ ಕಡ್ಡಿಯಿಂದ ಗುರುತಿಸಿರುವರು. ಒಂದು ಕಡೆ ಬರಿಯ ಸೊನ್ನೆಯಿದೆ. ಆ ಸೊನ್ನೆಯನ್ನು ಬರೆದ ಪ್ರಾಮಾಣಿಕನು ನಮಗೆ ಬಹಳ ಪ್ರಿಯನು. ಪುಸ್ತಕಗಳನ್ನು ಗೋಡೆಗೆ ತಾಗಿಸದೆ ಇಡಬೇಕು. ಗೆದ್ದಲು ಬರುವುದು ಗೋಡೆಯಿಂದ. ಒಣಗಿದ ಬೇವಿನ ಸೊಪ್ಪನ್ನು ಸಾಲಿನ ಹಿಂದೆ ಹಾಕಿ, ಮಳೆಗಾಲವು ಕಳೆದ ಮೇಲೆ ನೆರಳಿನಲ್ಲಿ ಗಾಳಿಗೆ ಬಿಚ್ಚಿಡಬೇಕು. ನಮ್ಮೂರಿನ ಬಿಸಿಲಿಗೆ ನೇರವಾಗಿ ಇಟ್ಟರೆ ಕಾಗದವು ಹಪ್ಪಳವಾಗುವುದು.

ಇನ್ನೊಂದು ಮಾತು ಇವೆಲ್ಲಕ್ಕಿಂತ ಮುಖ್ಯವಾದದ್ದು. ಪುಸ್ತಕವನ್ನು ಕೊಂಡ ದಿನವೇ ಅದರ ಕೊನೆಯ ಖಾಲಿ ಹಾಳೆಯನ್ನು ನೋಡಿಕೊಳ್ಳಬೇಕು. ಅದು ನಿಮ್ಮ ಊರಿನವರಿಗಾಗಿ ಬಿಟ್ಟ ಜಾಗ. ನಿಮ್ಮದು ಹೊಳೆಯ ಊರಾದರೆ ಮೀನಿನ ಹೆಸರುಗಳು, ಕಾಡಿನ ಊರಾದರೆ ಗಿಡದ ಹೆಸರುಗಳು, ಹೊಲದ ಊರಾದರೆ ಜೋಳದ ಬಗೆಗಳು. ಬಲ್ಲ ಹಿರಿಯರನ್ನು ಮಕ್ಕಳಿಂದ ಕೇಳಿಸಿ ಅಲ್ಲಿ ಬರೆಯಿಸಬೇಕು. ಹಿರಿಯರು ಇರುವಾಗಲೇ ಬರೆಯಿಸಬೇಕು.

ಮಾನ್ವಿಯ ಆ ಅಜ್ಜನು ಈಗ ಇಲ್ಲ. ಮೂವತ್ತೊಂದು ಹೆಸರುಗಳು ನಮ್ಮ ಡೇಯವರ ಸಂಪುಟದ ಕೊನೆಯ ಹಾಳೆಯಲ್ಲಿಯೂ, ಬೇರೆ ಮೂರು ಪ್ರತಿಗಳಲ್ಲಿಯೂ ಇವೆ. ಒಂದು ಪ್ರತಿಯು ಅವನ ಮೊಮ್ಮಗನ ಮನೆಯಲ್ಲಿದೆ. ಹನ್ನೊಂದು ಹೆಸರುಗಳ ಪಕ್ಕದಲ್ಲಿ ಇನ್ನೂ ಚಿತ್ರವಿಲ್ಲ. ಕಳೆದ ಬೇಸಗೆಯಲ್ಲಿ ಆ ಮೊಮ್ಮಗನು ತನ್ನ ಪುಟ್ಟ ಮಗಳೊಡನೆ ರಾಯಚೂರಿಗೆ ಬಂದಿದ್ದಾಗ ಮಗುವು ಹಾಳೆಯ ಮೇಲೆ ಬೆರಳಿಟ್ಟು, “ಇವು ಯಾವ ಮೀನು, ಮಾಸ್ತರ ತಾತ?” ಎಂದು ಕೇಳಿತು. ನಾವು ‘ಒಂದು ಜಾತಿಯ ಮೀನು’ ಎಂದು ಹೇಳಲಿಲ್ಲ. “ಗೊತ್ತಿಲ್ಲ ಮಗಳೇ, ನಿನ್ನ ಮುತ್ತಜ್ಜನಿಗೆ ಗೊತ್ತಿತ್ತು. ಹುಡುಕೋಣ” ಎಂದೆವು. ಒಳಗಿನಿಂದ ನಮ್ಮ ಮನೆಯವರು ನಕ್ಕ ಸದ್ದು ಕೇಳಿಸಿತು. ಅಂದಿನಿಂದ ಅವರು ಆ ಪ್ರಶ್ನೆಯನ್ನು ಕೇಳುವುದನ್ನು ಬಿಟ್ಟಿರುವರು. ಧೂಳನ್ನು ಒರಸುವಾಗ ಡೇಯವರ ಸಂಪುಟವನ್ನು ಮಾತ್ರ ಎರಡು ಕೈಗಳಿಂದ ಎತ್ತಿಡುವರು.